ಕ್ಯಾಂಟೀನಿನಲ್ಲಿ ಕೂತಿದ್ದವರು

ಮೆಪ್ಪೆನ್,
೨೦ ನವೆಂಬರ್ ೧೯೯೪

ಪ್ರೀತಿಯ ಮಗಳು ಗೆಜೀನಾಗೆ,

ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಸಂಸತ್ತಿನಲ್ಲಿ ಇಪ್ಪತ್ತೆರಡು ವರ್ಷ ಮಾತಾಡಿದವನಿಗೆ ಒಂದು ಕಾಗದ ಬರೆಯಲು ಮೂರು ವಾರ ಹಿಡಿಯಿತು, ನೋಡು.

ಸಂಸತ್ತಿರುವ ಬಾನ್‌ ನಗರದ ಕೋಣೆ ಖಾಲಿ ಮಾಡಿ ಊರಿಗೆ ಬಂದೆ. ಶುಕ್ರವಾರ ನಮ್ಮ ಪಕ್ಷದವರು ಬೀಳ್ಕೊಡುಗೆ ಊಟ ಇಟ್ಟಿದ್ದರು: ಕೇಲ್ ಸೊಪ್ಪು, ಹಂದಿ ಸಾಸೇಜು, ಮುಗಿಯದ ಭಾಷಣಗಳು. “ಇವರು ಒಂದು ಮತದಾನವನ್ನೂ ತಪ್ಪಿಸಿದವರಲ್ಲ” ಎಂದು ಪಾದ್ರಿಗಳು ಹೊಗಳಿದರು. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಬೇಕರಿಯ ಹಾರ್ಮ್ ಮಾತ್ರ ಎಂದಿನಂತೆ ಕಾಲೆಳೆದ: “ಇನ್ಮೇಲೆ ರಸ್ತೇಲಿ ಗುಂಡಿ ಬಿದ್ರೆ ಯಾರನ್ನ ಬೈಯೋದು ನಾವು? ಒಬ್ಬರನ್ನ ತೋರ್ಸಿ ಹೋಗಿ.”

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. “ಅಮ್ಮ ಸಾಯೋವಾಗ ನೀವು ಬರ್ಲಿಲ್ಲ ಅಂತ ಹನ್ನೊಂದು ವರ್ಷ ಸಿಟ್ಟು ಇಟ್ಕೊಂಡಿದ್ದೆ. ಪಕ್ಷದವರೇ ಬಿಡದಿದ್ರೆ ನೀವಾದ್ರೂ ಏನ್ ಮಾಡ್ತಿದ್ರಿ? ಕ್ರಿಸ್‌ಮಸ್‌ಗೆ ಬನ್ನಿ ಅಪ್ಪ” ಎಂದು ಬರೆದಿದ್ದೀಯ. ಓದಿ ಅತ್ತುಬಿಟ್ಟೆ. ಮೊಮ್ಮಗಳಿಗೆ ಮರದ ಬಾತುಕೋಳಿ ತಂದಿಟ್ಟಿದ್ದೇನೆ. ರೈಲಿನ ಟಿಕೆಟ್ ಮಾತ್ರ ಇನ್ನೂ ತೆಗೆದಿಲ್ಲ.

ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಬರ್ನ್‌ವಾರ್ಡ್

ತಾ.ಕ.: ಪಕ್ಷದವರು ಬಿಡಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ನಾನು ಅವರನ್ನು ಕೇಳಲೇ ಇಲ್ಲ.

ಅವತ್ತು ಪಿಂಚಣಿ ಮಸೂದೆಯ ಮತದಾನ. ಆಸ್ಪತ್ರೆಯಿಂದ ಫೋನ್ ಬಂದಾಗ ವಿರೋಧ ಪಕ್ಷದ ಎಲ್ಫ್ರೀಡೆ ಕ್ನಾಪ್ ಪಕ್ಕದಲ್ಲೇ ಇದ್ದರು. ನಮ್ಮಲ್ಲೊಂದು ರೂಢಿಯಿತ್ತು. ಈ ಕಡೆಯವರೊಬ್ಬರು ಇರಲಾಗದಿದ್ದರೆ ಆ ಕಡೆಯವರೊಬ್ಬರು ಮತ ಹಾಕದೆ ಉಳಿಯುವುದು, ಯಾರಿಗೂ ನಷ್ಟವಿಲ್ಲ. “ನೀವು ಹೆಂಡ್ತಿ ಹತ್ರ ಹೋಗಿ. ನಾನು ಕ್ಯಾಂಟೀನಲ್ಲಿ ಕೂತಿರ್ತೀನಿ” ಎಂದರು. ಆಗಲಿ ಎಂದೆ. ಕೋಟು ಹಾಕಿಕೊಂಡು ಬಾಗಿಲವರೆಗೂ ಹೋದೆ. ಇಷ್ಟು ವರ್ಷ ಸಭೆಯಲ್ಲಿ ನನ್ನನ್ನು ಬೈದವರು ಮಾತು ಉಳಿಸಿಕೊಳ್ಳುತ್ತಾರೆಯೇ ಎಂಬ ಅನುಮಾನ. ನನ್ನ ಹೆಸರಿನ ಮುಂದೆ ಗೈರುಹಾಜರಿ ಬೀಳಬಾರದೆಂಬ ಹಟ ಬೇರೆ. ತಿರುಗಿ ಬಂದು ಮತ ಹಾಕಿದೆ.

ಮೂವತ್ತೊಂದು ಮತಗಳಿಂದ ಗೆದ್ದೆವು. ನನ್ನದು ಬೇಕೇ ಇರಲಿಲ್ಲ. ಕಾಫಿಗೆಂದು ಕ್ಯಾಂಟೀನಿಗೆ ಹೋದರೆ ಎಲ್ಫ್ರೀಡೆ ಒಬ್ಬರೇ ಕೂತಿದ್ದರು, ಮುಂದೆ ಆರಿದ ಸೂಪು.

“ಅಯ್ಯೋ, ರೈಲು ತಪ್ಪಿತಾ?” ಎಂದರು.

ಹೌದು ಎಂದೆ. ಅಷ್ಟೊತ್ತಿಗೆ ನಿನ್ನ ಅಮ್ಮ ಹೋಗಿಯಾಗಿತ್ತು.

ಇದನ್ನು ಓದಿದ ಮೇಲೂ ಬಾ ಎಂದರೆ ಟಿಕೆಟ್ ತೆಗೆಯುತ್ತೇನೆ.