ಕವಲಿನಲ್ಲಿ ಆಡಿದ ಮಾತು

ಅಕ್ಟೋಬರ್ 4
ಆರನೆಯ ದಿನ. ಹದಿನಾಲ್ಕು ಕಿಲೋಮೀಟರ್. ಹಿಮ್ಮಡಿಯ ಬೊಬ್ಬೆ ಒಡೆದಿದೆ, ಟೇಪ್ ಸುತ್ತಿದ್ದೇನೆ. ಅಣ್ಣನ ಮಂಡಿ ಊದಿದೆ. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದವನು. ಕೂರಬೇಕೆನಿಸಿದಾಗ "ಹೋಲ್ಡಾನ್!" ಎಂದು ಕೂಗುತ್ತಾನೆ. ಹತ್ತು ನಿಮಿಷ ಬಿಟ್ಟು ತಾನೇ "ರೈಟ್!"

ಈ ನಡಿಗೆ ಅವನದೇ ಯೋಚನೆ. ಬೆಟ್ಟಸಾಲಿನ ಉದ್ದಕ್ಕೂ ಇಪ್ಪತ್ತೆರಡು ದಿನ, ತಂಗುಮನೆಯಿಂದ ತಂಗುಮನೆಗೆ. ಅಪ್ಪ ಹೋದ ಮೇಲೆ ನಾವಿಬ್ಬರೂ ಒಂದು ಗಂಟೆ ಒಟ್ಟಿಗೆ ಕೂತದ್ದಿಲ್ಲ. "ಮಾತಾಡದಿದ್ರೂ ಪರವಾಗಿಲ್ಲ ಕಣೋ, ಪಕ್ಕದಲ್ಲಿ ನಡಿ ಸಾಕು" ಅಂದಿದ್ದ. ಆಗುತ್ತಿಲ್ಲ. ದಾರಿ ಕಿರಿದು, ಅವನು ನಿಧಾನ.

ಅಕ್ಟೋಬರ್ 6, ಸಂಜೆ
ತಂಗುಮನೆಯಲ್ಲಿ ಒಬ್ಬನೇ. ಅಣ್ಣ ಇನ್ನೂ ಬಂದಿಲ್ಲ.

ಮಧ್ಯಾಹ್ನ ದಾರಿ ಕವಲೊಡೆಯುವ ಕಡೆ ಜಗಳ. ಎಡಕ್ಕೆ ಈ ತಂಗುಮನೆ. ಬಲಕ್ಕೆ ಇಳಿದರೆ ಬಸ್ ರಸ್ತೆ.

"ನಿನ್ನ ಹಿಂದೆ ನಾಯಿ ಬಿಟ್ಟಿದಾರೇನೋ?"

"ನಿನ್ನ ಮಂಡಿ ಕಾಯ್ತಾ ಕೂತ್ರೆ ನನ್ನ ರಜಾ ಇಲ್ಲೇ ಮುಗಿಯುತ್ತೆ. ಆಗದಿದ್ರೆ ಇಳಿದು ಬಸ್ ಹತ್ತು."

ಶೂ ದಾರ ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ. "ಸರಿಯಪ್ಪಾ... ಬರ್ತೀನಿ."

ನಾನು ಹೊರಟುಬಂದೆ.

ಅಕ್ಟೋಬರ್ 7, ಬೆಳಿಗ್ಗೆ
ಬರಲಿಲ್ಲ. ತಂಗುಮನೆ ನೋಡಿಕೊಳ್ಳುವ ಹೆಂಗಸು ವಿಚಾರಿಸಿದಳು.

"ಕೊನೆಗೆ ಏನಂದ್ರು?"

"ಬರ್ತೀನಿ ಅಂದ."

"ಹಾಗಂದ್ರೆ? ಹೊರಟ್ರು ಅಂತಲೋ, ಹಿಂದೆ ಬರ್ತಾರೆ ಅಂತಲೋ?"

ಹೊರಡುವಾಗ ನಮ್ಮಲ್ಲಿ ಯಾರೂ ಹೋಗ್ತೀನಿ ಅನ್ನುವುದಿಲ್ಲ. ಹೋಗುವವನದೂ ಅದೇ ಮಾತು, ಹಿಂಬಾಲಿಸುವವನದೂ ಅದೇ.

"ಹೊರಟ ಅಂತ" ಅಂದೆ.

ಬಸ್ ಹತ್ತಿರುತ್ತಾನೆ. ಇಷ್ಟು ಹೊತ್ತಿಗೆ ಮನೆಯಲ್ಲಿ ಕಾಲು ಚಾಚಿ ಅತ್ತಿಗೆಗೆ ನನ್ನ ಮೇಲೆ ದೂರು ಹೇಳುತ್ತಿರುತ್ತಾನೆ. ಸಿಗ್ನಲ್ ಇಲ್ಲ. ಕವಲಿಗೆ ಹಿಂದಿರುಗಬೇಕೆಂದರೆ ಆರು ಕಿಲೋಮೀಟರ್, ಎಲ್ಲ ಏರು. ಮುಂದೆ ಹೊರಟೆ.

ಅಕ್ಟೋಬರ್ 9
ಇಪ್ಪತ್ತಾರು ಕಿಲೋಮೀಟರ್! ಒಬ್ಬನೇ ನಡೆಯುವುದು ಚೆನ್ನಾಗಿದೆ. ಬರೆಯಲು ಸಂಕೋಚ, ಆದರೂ ನಿಜ. ಕೋರ್ಟಿನಲ್ಲಿ ಇಪ್ಪತ್ತೈದು ವರ್ಷ ಕಂಡವರ ಮಾತನ್ನೆಲ್ಲ ಶಾರ್ಟ್‌ಹ್ಯಾಂಡಿಗೆ ಇಳಿಸಿದ ಕಿವಿ, ಮೊದಲ ಸಲ ಖಾಲಿ. ಕಾಲು ಗಟ್ಟಿಯಾಗಿದೆ. ಐವತ್ತೊಂದಕ್ಕೂ ಮನುಷ್ಯ ಬೆಳೆಯಬಹುದು ಅನ್ನಿಸಿತು.

ಅಕ್ಟೋಬರ್ 10, ಮೂರು ಗಂಟೆ
ಸಣ್ಣ ಪೇಟೆ. ಬ್ಯಾಟರಿ ಕೊಳ್ಳುತ್ತಿದ್ದಾಗ ಸಿಗ್ನಲ್ ಸಿಕ್ಕಿತು. ಮನೆಗೆ ಫೋನ್ ಮಾಡಿದೆ. ಅತ್ತಿಗೆ ಎತ್ತಿದರು.

"ಏನ್ ಮೈದುನರೇ, ಇಬ್ರೂ ಬದುಕಿದ್ದೀರಾ? ಅವರ ಕೈಗೆ ಕೊಡಿ ಫೋನು, ಬೈಯೋದಿದೆ."

ಅಕ್ಟೋಬರ್ 13
ಸಿಕ್ಕ.

ಕವಲಿನಿಂದ ಎರಡು ಕಿಲೋಮೀಟರ್, ಎಡಗಡೆಯ ದಾರಿಯಲ್ಲೇ. ನನ್ನ ಹಿಂದೆಯೇ ಬರುತ್ತಿದ್ದ. ಸಡಿಲ ಕಲ್ಲು, ಕೆಳಗೆ ಇಪ್ಪತ್ತು ಅಡಿ. ತೊಡೆಯ ಮೂಳೆ ಮುರಿದಿತ್ತು. ಬಾಟಲಿ ಖಾಲಿ. ಡಾಕ್ಟರ್ ನನ್ನ ಕಡೆ ನೋಡದೆ ಹೇಳಿದರು: ತಕ್ಷಣ ಹೋಗಿಲ್ಲ. ಎರಡು ದಿನ ಇದ್ದಿರಬಹುದು.

ಎರಡು ದಿನ. ಅಂದರೆ ಎಂಟನೆಯ ತಾರೀಕು. ಏಳರ ಬೆಳಿಗ್ಗೆ...

ಅಕ್ಟೋಬರ್ 14
ಸ್ಟೇಷನ್ನಿನಲ್ಲಿ ನನ್ನ ಹೇಳಿಕೆ. ರೈಟರ್ ಬರೆದು ಓದಿ ಹೇಳಿದ: "ಮೃತನು ತಾನು ಹೊರಡುತ್ತೇನೆ ಎಂಬ ಅರ್ಥದಲ್ಲಿ ತಿಳಿಸಿದ್ದರಿಂದ..."

"ಅರ್ಥ ಬೇಡ. ಅವನು ಅಂದದ್ದು ಬರ್ತೀನಿ ಅಂತ. ಅಷ್ಟೇ ಬರೀರಿ."

"ಹೀಗಿದ್ರೆ ನಿಮಗೇ ಒಳ್ಳೇದಲ್ವಾ ಸಾರ್? ತಪ್ಪು ತಿಳ್ಕೊಂಡ್ರಿ, ಮುಗೀತು. ಯಾರ್ ಬೇಕಾದ್ರೂ ತಪ್ಪು ತಿಳ್ಕೋತಾರೆ."

ಹೊಡೆದುಹಾಕಿಸಿದೆ. ಗೊಣಗುತ್ತಾ ಹೊಡೆದುಹಾಕಿದ.

ತಪ್ಪು ತಿಳಿದುಕೊಂಡಿರಲಿಲ್ಲ. ಬೀಳ್ಕೊಳ್ಳುವವನು ಎದ್ದು ನಿಲ್ಲುತ್ತಾನೆ, ಮುಖ ನೋಡುತ್ತಾನೆ. ಅಣ್ಣ ಶೂ ದಾರ ಬಿಗಿಯುತ್ತಿದ್ದ. ಆರನೆಯ ತಾರೀಕಿನ ಪುಟದಲ್ಲಿ ಬರೆಯದೆ ಬಿಟ್ಟದ್ದು: ಆ ಸಂಜೆ ಅವನಿಗೂ ಹಾಸಿಗೆ ಹಾಸಿದ್ದೆ. ಬೆಳಿಗ್ಗೆ ಆ ಹೆಂಗಸು ಎರಡು ಅರ್ಥ ಮುಂದಿಟ್ಟಾಗ, ಏರು ಹತ್ತಬೇಕಿಲ್ಲದ ಅರ್ಥವನ್ನು ಆರಿಸಿಕೊಂಡೆ.

ಅಕ್ಟೋಬರ್ 17
ಅತ್ತಿಗೆ ಜಾಗ ನೋಡಲೇಬೇಕೆಂದರು. ಬಸ್ ರಸ್ತೆಯಿಂದ ಹತ್ತಿದೆವು. ಅವರು ಮುಂದೆ, ನಾನು ಹಿಂದೆ. ಅವರು ನಿಂತಲ್ಲೆಲ್ಲ ನಾನೂ ನಿಂತೆ. ಎರಡು ಗಂಟೆಯ ದಾರಿಗೆ ಐದು ಗಂಟೆ. ಅವರು ಕೂತ ಕಡೆ ಕಲ್ಲು ಬಿಸಿಲಿಗೆ ಕಾದಿತ್ತು. ಬಾಟಲಿ ತೆಗೆದು ಮೊದಲು ನನಗೆ ಕೊಟ್ಟರು.

"ನೀವ್ಯಾಕೆ ಹೀಗೆ ಸೊರಗ್ತೀರಿ? ಅವರ ಮಾತೇ ಹಾಗೆ, ಅರ್ಧಂಬರ್ಧ. ಮದುವೆಯಾಗಿ ಇಪ್ಪತ್ತೆಂಟು ವರ್ಷ, ನನಗೇ ಅರ್ಥ ಆಗ್ತಿರ್ಲಿಲ್ಲ. ಸರಿಯಾಗಿ ಹೇಳಿದ್ದಿದ್ರೆ ನೀವು ಬಿಟ್ಟುಬರ್ತಿದ್ರಾ?"

ಇಲ್ಲ ಅಂದಿದ್ದರೆ ಸಾಕಿತ್ತು. ನೀರು ಕುಡಿದು ಸುಮ್ಮನಿದ್ದರೂ ಸಾಕಿತ್ತು.

"ಅತ್ತಿಗೆ, ಅವನು ಸರಿಯಾಗೇ ಹೇಳಿದ್ದ."

ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ ಅವರ ಕೈ ನಿಂತಿತು. ಉಳಿದದ್ದನ್ನೂ ಹೇಳಿದೆ, ಒಂದೊಂದಾಗಿ, ಅವರ ಮುಖ ನೋಡುತ್ತಲೇ. ಹಾಸಿಗೆ. ಆ ಹೆಂಗಸಿನ ಪ್ರಶ್ನೆ. ಇಪ್ಪತ್ತಾರು ಕಿಲೋಮೀಟರಿನ ಖುಷಿ. ಎಲ್ಲ ಮುಗಿದ ಮೇಲೆ, ಅವರು ಮುಚ್ಚಳ ಬಿಗಿದು, "ನೀವು ಮುಂದೆ ನಡೀರಿ... ಬರ್ತೀನಿ" ಅಂದರು; ಅವರು ಎದ್ದು ಬರುವವರೆಗೂ ನಾನು ಅಲ್ಲೇ ನಿಂತೆ.