ವಾರ್ನಿಷ್ ವಾಸನೆಯ ಕಟ್ಟು

ಕೊಟ್ಟೂರು
೧೬-೩-೨೦೦೩, ಭಾನುವಾರ

ಪ್ರೀತಿಯ ಸರ್ಫರಾಜ ಭಾಯ್‌ಗೆ ತಂಗಿ ತಸ್ಲೀಮಳ ಸಲಾಂ.

ಅಸ್ಫಿಯಾ, ಈ ಕಾಗದವನ್ನು ನಿನ್ನ ಅಬ್ಬಾಗೆ ನಿಧಾನವಾಗಿ ಓದಿ ಹೇಳಮ್ಮ. ಅಂಗಡಿಯಲ್ಲಿ ಗಿರಾಕಿಗಳಿರುವಾಗ ಬೇಡ, ಮನೆಯಲ್ಲಿ ಊಟವಾದ ಮೇಲೆ ಓದು. ನಡುವೆ ನಿನ್ನ ಹೆಸರೂ ಬರುತ್ತದೆ, ನಗಬೇಡ.

ಭಾಯ್, ಅಮ್ಮಿಯ ಮೊಣಕಾಲು ನೋವು ಹೇಗಿದೆ? ಹರಪನಹಳ್ಳಿಯಿಂದ ಬಂದವರೊಬ್ಬರು ಹೇಳಿದರು, ನೀನು ಈಗಲೂ ಚಹಾ ಕುಡಿಯಲು ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋಗುತ್ತೀಯಂತೆ. ನಿನ್ನ ಅಂಗಡಿಯ ಎದುರಿಗೇ ನಿನ್ನ ಸ್ಕೂಲಿನ ಗೆಳೆಯ ದುರುಗಪ್ಪನ ಹೋಟೆಲಿದೆ. ಇಪ್ಪತ್ನಾಲ್ಕು ವರ್ಷವಾದರೂ ಅವನ ಮೇಲಿನ ನಿನ್ನ ಸಿಟ್ಟು ಇಳಿದಿಲ್ಲವಲ್ಲ. ಇರಲಿ, ಅದು ಆಮೇಲೆ.

ಮೊದಲು ನಿನ್ನ ಮೇಲಿನ ದೂರು. ಭೂಮಿಕಾಳ ಕೈಗೆ ಕಟ್ಟು ಕಟ್ಟಿದವನು ನೀನೇ ತಾನೇ? ನಿಮ್ಮ ಹರಪನಹಳ್ಳಿ ಹತ್ತಿರದ ಅರಸೀಕೆರೆಯ ಕುರಿ ಸಾಕುವ ಉಚ್ಚಂಗೆಪ್ಪನ ಮಗಳು, ನಮ್ಮ ಕಾಲೇಜಿನಲ್ಲಿ ಎರಡನೇ ಬಿ.ಎ. ಓದುವವಳು. ಇಲ್ಲ ಎನ್ನಬೇಡ. ಕಳೆದ ತಿಂಗಳು ಬಲಗೈಗೆ ಕಟ್ಟು ಹಾಕಿಕೊಂಡು ನನ್ನ ಮುಂದೆ ನಿಂತಳು. ಸೈಕಲ್ಲಿನಿಂದ ಬಿದ್ದು ಎಲುಬು ಮುರಿದಿದೆ, ಪರೀಕ್ಷೆಯಲ್ಲಿ ನಾನು ಹೇಳಿದ್ದನ್ನು ಬರೆಯಲು ಒಬ್ಬರು ಬೇಕು ಎಂದು ಅರ್ಜಿ ಕೊಟ್ಟಳು. ಸಹಿ ಹಾಕಲು ಬಗ್ಗಿದೆ, ವಾರ್ನಿಷ್ ವಾಸನೆ ಮೂಗಿಗೆ ಹೊಡೆಯಿತು. ನೋಡಿದರೆ, ಮೋಟರಿನ ತಂತಿ ಕಾಯಿಲಿಗೆ ಸುತ್ತುವ ಬಿಳಿ ಟೇಪು, ಒಂದರ ಮೇಲೊಂದು ಅರ್ಧ ಏರಿಸಿ ಸುತ್ತಿದ ಸುತ್ತು, ಒಳಗೆ ಮೋಟರಿನ ಸಂದಿಗೆ ತುರುಕುವ ಬಿದಿರು ಪಟ್ಟಿ. ಯಾವ ಎಲುಬು ಕಟ್ಟುವವರೂ ಹಾಗೆ ಕಟ್ಟುವುದಿಲ್ಲ. ಮೋಟರ್ ವೈಂಡಿಂಗ್ ಮಾಡುವ ಯೂಸುಫ್ ಸಾಬರ ಮಗಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಕರೆಂಟ್ ಕೊಟ್ಟಿದ್ದರೆ ಆ ಕೈ ತಿರುಗುತ್ತಿತ್ತೋ ಏನೋ.

ಕೇಳಿದೆ. ಹುಡುಗಿ ಅಳುತ್ತಲೇ ಎಲ್ಲವನ್ನೂ ಹೇಳಿದಳು. “ನಮ್ಮಪ್ಪ ಸುಟ್ಟ ಮೋಟ್ರು ತಗೊಂಡು ಹರಪನಹಳ್ಳಿಗಿ ಹೋಗಿದ್ದರಿ ಮೇಡಂ, ನಾನೂ ಹೋಗಿದ್ನಿ. ನನ್ನ ಕಥಿ ಕೇಳಿ ಅಲ್ಲಿ ಸಾಬರು, ‘ನಾನೂ ಏಳನೇ ಕ್ಲಾಸ್ ಪರೀಕ್ಷಿಗೆ ಹಿಂಗ ಕಟ್ಕೊಂಡಿದ್ದೆ ತಾಯಿ, ಯಾರೋ ಹೇಳಿಬಿಟ್ರು. ಈ ಸಲ ಯಾರಿಗೂ ಗೊತ್ತಾಗದಂಗ ಕಟ್ಟತೀನಿ’ ಅಂದ್ರು ರೀ” ಎಂದಳು. ನೀನು ನನ್ನ ಅಣ್ಣ ಎಂಬುದು ಪಾಪ ಅವಳಿಗೆ ಗೊತ್ತಿರಲಿಲ್ಲ.

ಭಾಯ್, ಸಿಕ್ಕಿಬಿದ್ದಿದ್ದರೆ ಮೂರು ವರ್ಷ ಪರೀಕ್ಷೆಗೇ ಕೂರಿಸುತ್ತಿರಲಿಲ್ಲ. ಅಷ್ಟರಲ್ಲಿ ಅವಳನ್ನು ಯಾರಿಗಾದರೂ ಕೊಟ್ಟು ಮದುವೆ ಮಾಡಿಬಿಡುತ್ತಿದ್ದರು. ನಿನ್ನ ಮೇಲೆ ಕೆಟ್ಟ ಸಿಟ್ಟು ಬಂತು. ಆಮೇಲೆ ಅದು ನನ್ನ ಮೇಲೆಯೇ ತಿರುಗಿತು. ಆ ಹುಡುಗಿ ಸುಳ್ಳು ಕಟ್ಟು ಕಟ್ಟಿಕೊಳ್ಳುವ ಹಾಗೆ ಮಾಡಿದವಳು ನಾನೇ.

ನಮ್ಮಲ್ಲಿ ಪಾಠ ಎಂದರೆ ನೋಟ್ಸ್ ಹೇಳಿ ಬರೆಸುವುದು. ನಲವತ್ತು ನಿಮಿಷ ನಾನು ಹಳೆಯ ನೋಟ್‌ಬುಕ್ ನೋಡಿ ಹೇಳುತ್ತಿದ್ದೆ, ಅವರು ಬಗ್ಗಿಸಿದ ತಲೆ ಎತ್ತದೆ ಬರೆಯುತ್ತಿದ್ದರು. ಭೂಮಿಕಾ ಬರೆಯುತ್ತಿರಲಿಲ್ಲ. ಒಂದು ಸಾಲು ಬರೆದು ಪೆನ್ನು ಇಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಸೊಕ್ಕು ಎಂದುಕೊಂಡೆ. ಎಷ್ಟೋ ದಿನ ಬಾಗಿಲಾಚೆ ನಿಲ್ಲಿಸಿದೆ. ಟೆಸ್ಟಿನಲ್ಲಿ ಸೊನ್ನೆ ಸುತ್ತಿದೆ. ಒಮ್ಮೆ ವಿಜಯನಗರದ ಪತನದ ಬಗ್ಗೆ ಕೇಳಿದರೆ, ತಾನೇ ಆ ದಂಡಿನ ಹಿಂದೆ ನಡೆದು ಬಂದವಳ ಹಾಗೆ ಹೇಳಿದಳು. ನಾನೋ, ಬಾಯಿಮಾತಿಗೆ ಮಾರ್ಕ್ಸ್ ಇಲ್ಲಮ್ಮ ಎಂದು ಕೂರಿಸಿದೆ. “ಅಕ್ಷರ ಒಂದ ಕಡಿ ನಿಂದ್ರಂಗಿಲ್ರಿ ಮೇಡಂ” ಎಂದು ಅವಳು ಹೇಳಿದ್ದಳು. ನೀನೂ ಅಬ್ಬಾಗೆ ಇದನ್ನೇ ಹೇಳುತ್ತಿದ್ದೆ, ನಾವೆಲ್ಲ ನಗುತ್ತಿದ್ದೆವು.

ಕಟ್ಟನ್ನು ನಾನೇ ಕತ್ತರಿಯಿಂದ ಬಿಚ್ಚಿದೆ. ಬರಿಗೈಯಲ್ಲೇ ಅವಳನ್ನು ಪ್ರಿನ್ಸಿಪಾಲ್ ನಾಗೇಂದ್ರಪ್ಪನವರ ಹತ್ತಿರ ಕರೆದುಕೊಂಡು ಹೋದೆ. ಕಟ್ಟಿನ ವಿಷಯ ಎತ್ತಲಿಲ್ಲ. ಇವಳ ಕೈ ಚೆನ್ನಾಗಿದೆ, ಆದರೂ ಬರೆಯಲು ಒಬ್ಬರು ಬೇಕು ಎಂದೆ. “ಕಣ್ಣ ಐತಿ, ಕೈ ಐತಿ, ಇನ್ನೇನ್ ಬೇಕ್ರಿ ಮೇಡಂ?” ಎಂದರು. ನನಗೂ ಹಟ ಬಂತು. ನೀವೇ ಏನಾದರೂ ಕೇಳಿ ನೋಡಿ ಸರ್ ಎಂದೆ. ಅವರು ಕೇಳಿದರು, ಅವಳು ಶುರುಮಾಡಿದಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಇಪ್ಪತ್ತು ನಿಮಿಷ ಕೇಳಿದರು. “ಬರೇ ಬಾಯಿಲೆ ಯೂನಿವರ್ಸಿಟಿ ನಂಬಂಗಿಲ್ಲ, ಡಾಕ್ಟರ್ ಚೀಟಿ ತರ್ರಿ” ಎಂದು ಅವರೇ ದಾರಿ ಹೇಳಿದರು.

ಬಳ್ಳಾರಿಗೆ ಹೋದೆವು. ಅವಳ ತಾಯಿ ಪಾಲಮ್ಮ ದಾರಿಯುದ್ದಕ್ಕೂ ಮಗಳಿಗೆ ಹುಚ್ಚು ಎಂದು ಬರೆದುಬಿಡುತ್ತಾರೇನೋ ಎಂದು ಹೆದರಿದ್ದರು. ಡಾಕ್ಟರು ಎರಡು ತಾಸು ಏನೇನೋ ಓದಿಸಿದರು, ಬರೆಸಿದರು. ಇದಕ್ಕೆ ಡಿಸ್ಲೆಕ್ಸಿಯಾ ಎಂಬ ಹೆಸರಿದೆ, ಬುದ್ಧಿಗೆ ಏನೂ ಕಮ್ಮಿಯಿಲ್ಲ, ಹುಟ್ಟಿನಿಂದಲೇ ಓದು-ಬರಹ ಇವರ ತಲೆಗೆ ಹತ್ತುವ ದಾರಿ ಬೇರೆ ಎಂದರು. ಮರಳುವಾಗ ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ. ಭೂಮಿಕಾ ತನಗಾಗಿ ಎಂದುಕೊಂಡಳು. ನಾನು ಅತ್ತಿದ್ದು ನಿನಗಾಗಿ.

ಈಗ ನನ್ನ ಕ್ಲಾಸಿನಲ್ಲಿ ನೋಟ್ಸ್ ಬರೆಸುವುದಿಲ್ಲ. ಮೊದಲೇ ಜೆರಾಕ್ಸ್ ಮಾಡಿಸಿ ಕೊಡುತ್ತೇನೆ, ಪಾಠವನ್ನು ಬಾಯಿಂದ ಹೇಳುತ್ತೇನೆ, ಅವರಿಂದಲೂ ಹೇಳಿಸುತ್ತೇನೆ. ಟೆಸ್ಟಿಗೆ ಬರೆಯಬಹುದು, ಬೇಕಾದವರು ಬಂದು ಹೇಳಬಹುದು ಎಂದಿದ್ದೆ. ಭೂಮಿಕಾ ಒಬ್ಬಳೇ ಬರುತ್ತಾಳೆ ಎಂದುಕೊಂಡರೆ ಆರು ಜನ ಬಂದರು. ಒಬ್ಬ ಹುಡುಗ ಗೋಡೆ ಕಡೆ ಮುಖ ಮಾಡಿಕೊಂಡು ಹೇಳುತ್ತೇನೆ ಎಂದ, ಮುಖ ನೋಡಿದರೆ ಅವನಿಗೆ ಮಾತು ಹೊರಡದಂತೆ. ಹೇಳಪ್ಪಾ ಎಂದೆ. ಬಂಗಾರದಂಥ ಉತ್ತರ. ಸ್ಟಾಫ್ ರೂಮಿನಲ್ಲಿ ನನ್ನನ್ನು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ನಿನ್ನೆ ಯೂನಿವರ್ಸಿಟಿಯಿಂದ ಒಪ್ಪಿಗೆ ಬಂತು. ಅರ್ಧ ಗಂಟೆ ಹೆಚ್ಚು ಸಮಯ, ಬರೆಯಲು ಒಬ್ಬರು. ಬರೆಯುವವರು ಕೆಳಗಿನ ತರಗತಿಯವರಾಗಿರಬೇಕು. ಯಾರನ್ನು ಕರೆಯಲಿ ಎಂದು ತಡಕಾಡುವಾಗ ನೆನಪಾದವಳು ನಮ್ಮ ಅಸ್ಫಿಯಾ. ಪಿಯುಸಿ ಮೊದಲ ವರ್ಷ, ಮುತ್ತಿನಂಥ ಅಕ್ಷರ. ಎಂಟು ವರ್ಷದವಳಿದ್ದಾಗಿನಿಂದ ನೀನು ಹೇಳಿದ್ದನ್ನು ಒಂದಕ್ಷರ ಸೇರಿಸದೆ ಬಿಡದೆ ಬರೆದು ರೂಢಿಯಾದವಳು. ಏಪ್ರಿಲ್ ಎರಡನೇ ವಾರಕ್ಕೆ ಅವಳನ್ನು ಕಳಿಸು. ಇಲ್ಲ ಎನ್ನಬೇಡ ಭಾಯ್. ಈ ಸಲ ಯಾವ ಕಟ್ಟೂ ಬೇಕಾಗಿಲ್ಲ.

ಭಾಬಿಗೂ ಅಮ್ಮಿಗೂ ಸಲಾಂ ತಿಳಿಸು.

ನಿನ್ನ ತಂಗಿ,
ತಸ್ಲೀಮ್

ತಾ.ಕ.: ಅಸ್ಫಿಯಾ, ಇದನ್ನೂ ಓದು, ಬಿಡಬೇಡ. ಭಾಯ್, ಆ ದಿನ ಹೆಡ್‌ಮಾಸ್ಟರು ಇಡೀ ಸ್ಕೂಲಿನ ಮುಂದೆ ನಿನ್ನ ಕಟ್ಟು ಬಿಚ್ಚಿದರಲ್ಲ, ನೀನು ಅಲ್ಲಿಂದ ಸೀದಾ ಅಬ್ಬಾನ ಅಂಗಡಿಗೆ ಹೋಗಿ ಮತ್ತೆ ಸ್ಕೂಲಿನ ಕಡೆ ತಲೆಹಾಕಲಿಲ್ಲವಲ್ಲ, ಅವರಿಗೆ ಹೇಳಿದವನು ದುರುಗಪ್ಪ ಅಲ್ಲ. ಗುಟ್ಟು ಗೊತ್ತಿದ್ದವನು ಅವನೊಬ್ಬನೇ ಎಂದು ನೀನು ತಿಳಿದಿದ್ದೆ. ನೀನು ಹಿತ್ತಲಲ್ಲಿ ಟೇಪು ಸುತ್ತಿಕೊಳ್ಳುವುದನ್ನು ನಾನೂ ನೋಡಿದ್ದೆ. ಸುಳ್ಳು ಹೇಳಬಾರದು ಎಂಬ ಪಾಠ ಆ ವಾರವೇ ಆಗಿತ್ತು. ಹೋಗಿ ಹೇಳಿದೆ. ಹೆಡ್‌ಮಾಸ್ಟರು ಶಭಾಷ್ ಎಂದು ಬೆನ್ನು ತಟ್ಟಿದರು. ಎಲ್ಲ ಗೊತ್ತಿದ್ದೂ ಇಷ್ಟು ವರ್ಷ ನೀನು ಅವನನ್ನು ಬೈಯುವುದನ್ನು ಕೇಳಿಕೊಂಡು ಸುಮ್ಮನಿದ್ದೆ. ನನ್ನನ್ನು ಬೈಯುವುದಿದ್ದರೆ ಅಸ್ಫಿಯಾಳ ಕೈಯಲ್ಲಿ ಬರೆಸಿ ಕಳಿಸು, ಎಷ್ಟು ಪುಟವಾದರೂ ಓದುತ್ತೇನೆ. ಆದರೆ ಅದಕ್ಕೂ ಮೊದಲು, ನಾಳೆ ಬೆಳಿಗ್ಗೆ, ರಸ್ತೆ ದಾಟಿ ದುರುಗಪ್ಪನ ಹೋಟೆಲಿನಲ್ಲಿ ಒಂದು ಚಹಾ ಕುಡಿ.