ಹಿಂದಿನ ಜೋಡಿ ಟೈರು

ಲ್ಯೂಟನ್, ಭಾನುವಾರ, ೯ ಅಕ್ಟೋಬರ್ ೧೯೯೪

ನಲವತ್ತು ವರ್ಷದಿಂದ ಯುದ್ಧಕಾಲದ ಲಾರಿಗಳನ್ನು ಗುರುತಿಸುತ್ತ ಬಂದವನು ನಾನು. ಇವತ್ತು ಎಲ್ಲರೆದುರು ಮುಖಭಂಗವಾಯಿತು. ಆದರೂ ಮನಸ್ಸು ತುಂಬಿಬಂದಿದೆ.

ಚರ್ಚಿನ ಸಭಾಂಗಣದ ಪ್ರದರ್ಶನದಲ್ಲಿ ಒಂದು ಹಳೆಯ ಫೋಟೋದ ಕೆಳಗೆ ನಾನೇ ಚೀಟಿ ಅಂಟಿಸಿದ್ದೆ: ‘ಸೈನ್ಯದ ಬೆಡ್‌ಫರ್ಡ್ ಲಾರಿ. ಚಾಲಕ, ಯಾರೋ ಸೈನಿಕ.’ ಸೈನ್ಯದ ಲಾರಿಗಳಿಗಿದ್ದ ಚಪ್ಪಟೆ ಮೂತಿ ಕಂಡಿತ್ತು, ನನಗೆ ಅಷ್ಟೇ ಸಾಕಾಗಿತ್ತು.

ಊರುಗೋಲು ಹಿಡಿದ ಅಜ್ಜಿಯೊಬ್ಬರು ಅದನ್ನು ಓದಿ ಜೋರಾಗಿ ನಕ್ಕುಬಿಟ್ಟರು.

“ಯಾರಪ್ಪಾ ಇದನ್ನ ಬರೆದಿದ್ದು? ಯುದ್ಧದ ಕಾಲದಲ್ಲಿ ಊರಿನ ಸಾಮಾನು ಸಾಗಿಸೋ ಲಾರಿಗೂ ಇದೇ ಮೂತಿ ಇಡ್ತಿದ್ರು. ಹಿಂದಿನ ಚಕ್ರ ನೋಡು. ಸೈನ್ಯದ್ದಕ್ಕೆ ಒಂದೊಂದೇ ದಪ್ಪ ಟೈರು, ಇದಕ್ಕೆ ಜೋಡಿ.”

ಭೂತಗನ್ನಡಿ ಹಿಡಿದೆ. ನೆರಳಲ್ಲಿ ಜೋಡಿ ಟೈರೇ ಇತ್ತು!

“ನಿಮಗೆ ಹೇಗೆ ಗೊತ್ತಮ್ಮಾ?”

“ಒಳಗಿನ ಟೈರು ಪಂಕ್ಚರ್ ಆದ್ರೆ ಹೊರಗಿನದನ್ನೂ ಬಿಚ್ಚಬೇಕಲ್ಲ! ಹಿಮದಲ್ಲಿ ಕೂತು ಬಿಚ್ಚಿದೋಳು ನಾನು. ಬೇಕರಿಗಳಿಗೆ ಹಿಟ್ಟು ಸಾಗಿಸ್ತಿದ್ದೆ. ಟೋಪಿ ಕೆಳಗಿನ ಮುಖ ನೋಡಪ್ಪಾ. ನಿನ್ನ ಸೈನಿಕ ನಾನೇ!”

ನೋಡಿದೆ. ಅದೇ ಗದ್ದ, ಅದೇ ತುಂಟ ನಗು. ಬೈಯಲೂ ಇಲ್ಲ, ಪುಣ್ಯಾತ್ಗಿತ್ತಿ. ನನ್ನೊಡನೆ ಎರಡು ಕಪ್ ಚಹಾ ಕುಡಿದು, ಬಾಗಿಲು ಮುಚ್ಚುವವರೆಗೂ ಆ ದಿನಗಳ ಕಥೆ ಹೇಳುತ್ತಲೇ ಇದ್ದರು.

ಹೊಸ ಚೀಟಿ ಬರೆದಿಟ್ಟಿದ್ದೇನೆ. ಮೊದಲ ಸಾಲಿನಲ್ಲಿ ಅಜ್ಜಿಯ ಹೆಸರು, ಎನಿಡ್ ಥ್ರಸೆಲ್. ಲಾರಿಯ ಹೆಸರು ಎರಡನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ.